ಮೊಳೆಗೆ ತೂಗಿದ್ದ ಎಡಗೈ ಬಿಲ್ಲು

ಕಳೆದ ಮಾಘದಲ್ಲಿ ನಾನೂ ನನ್ನ ಹೆಂಡತಿ ಮಂಗಳಾಳೂ ತುಮಕೂರಿನಿಂದ ಕುಣಿಗಲ್‌ಗೆ ಹೊರಟಿದ್ದೆವು. ಹೆಬ್ಬೂರು ದಾಟಿದ ಮೇಲೆ ಬಸ್ಸು ಒಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಹಾಕಿಕೊಂಡಿತು. ಟ್ರೇಲರಿನಲ್ಲಿ ರಾಗಿ ಹುಲ್ಲನ್ನು ರಸ್ತೆಯ ಅಗಲಕ್ಕೂ ಚಾಚುವಂತೆ ಹೇರಿದ್ದರು. ನಮ್ಮ ಡ್ರೈವರ್ ಹಾರನ್ ಬಡಿದ, ಬೈದ, ಕೊನೆಗೆ ಸೋತು ಅದರ ಹಿಂದೆಯೇ ಬಸ್ಸನ್ನು ತೆವಳಿಸಿದ. ಮಂಜಿನಲ್ಲಿ ನೆನೆದು ಇನ್ನೂ ಆರದ ಹುಲ್ಲು. ಅದರ ಹಸಿ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಬೇರೆಯವರಿಗೆ ಅದು ದನದ ಕೊಟ್ಟಿಗೆಯನ್ನು ನೆನಪಿಸಬಹುದು. ನನಗೆ ನೆನಪಾದದ್ದು ಏಳು ವರ್ಷದ ಹಿಂದಿನ ಒಂದು ಚಳಿಗಾಲ, ಕೋರ ಎಂಬ ಊರಿನ ಹತ್ತಿರದ ಒಂದು ಬೀಳು ಹೊಲ.

"ಯಾಕ್ರೀ, ಮುಖ ಹಿಂಗ್ ಮಾಡ್ಕಂಡಿದೀರಾ?" ಎಂದಳು ಮಂಗಳಾ.

"ಏನಿಲ್ಲ. ಹುಲ್ಲಿನ ಧೂಳು" ಎಂದೆ. ಒದ್ದೆ ಹುಲ್ಲಿನಲ್ಲಿ ಎಲ್ಲಿಯ ಧೂಳು? ಅವಳು ಕೇಳಲಿಲ್ಲ. ನನ್ನ ತೊಡೆಯ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಅಕ್ಕಿ ಇತ್ತು. ಕಲ್ಲು, ನೆಲ್ಲು ಇಲ್ಲದಂತೆ ಎರಡು ದಿನ ಕೂತು ಆರಿಸಿದ ಅಕ್ಕಿ. ಅಂದು ನಮ್ಮ ಮೊಮ್ಮಗಳು ಸಿರಿಗೆ ಅಕ್ಷರಾಭ್ಯಾಸ.

ನಾನು ಯಾರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಚೇಳೂರು ಹೋಬಳಿಯ ಪ್ರೈಮರಿ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ, ಹೆಡ್‌ಮಾಸ್ಟರಾಗಿ ರಿಟೈರಾದವನು. ಗುಬ್ಬಿ ತಾಲ್ಲೂಕಿನ ಅರ್ಧದಷ್ಟು ಮಕ್ಕಳ ಬೆರಳನ್ನು ಅಕ್ಕಿಯಲ್ಲಿ ಓಡಿಸಿದ್ದೇನೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆದರೆ ಜನ ನನ್ನನ್ನು ಗುರುತಿಸುತ್ತಿದ್ದದ್ದು ಅದಕ್ಕಲ್ಲ. ನಾನು ಎಡಗೈ ಬಿಡಿಸುವ ಮೇಷ್ಟ್ರು. ಎಡಗೈಯಲ್ಲಿ ಬಳಪ ಹಿಡಿಯುವ, ಎಡಗೈಯಲ್ಲಿ ತುತ್ತು ಎತ್ತುವ ಮಕ್ಕಳನ್ನು ಅಪ್ಪ ಅಮ್ಮಂದಿರು ನನ್ನ ಹತ್ತಿರ ಕರೆತರುತ್ತಿದ್ದರು. ನಾನು ಹೊಡೆಯುತ್ತಿರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಪೈಕಿ ನಾನು. ಹಳೆಯ ಪಂಚೆಯಿಂದ ಹೊಲಿಸಿದ ಒಂದು ಸಣ್ಣ ಚೀಲ ಇಟ್ಟಿದ್ದೆ, ಬಾಯಿಗೆ ಲಾಡಿ ಇರುವಂಥದ್ದು. ಮಗುವಿನ ಎಡ ಅಂಗೈಗೆ ಒಂದು ಕೊಬ್ಬರಿ ಮಿಠಾಯಿ ಕೊಟ್ಟು, ಮುಷ್ಟಿ ಕಟ್ಟಿಸಿ, ಆ ಕೈಯನ್ನು ಚೀಲದೊಳಗೆ ಇಟ್ಟು ಮಣಿಕಟ್ಟಿನಲ್ಲಿ ಲಾಡಿ ಬಿಗಿಯುತ್ತಿದ್ದೆ. ಪಾಠ ಮುಗಿಯುವವರೆಗೆ ಮುಷ್ಟಿ ಬಿಚ್ಚದಿದ್ದರೆ ಮಿಠಾಯಿ ಅದಕ್ಕೇ. ಮಧ್ಯೆ ಕೈ ಅಲುಗಿದರೆ ನಾನು ಒಂದೇ ಒಂದು ಮಾತು ಹೇಳುತ್ತಿದ್ದೆ: "ಕೈ." ಜೋರಾಗಿಯೂ ಅಲ್ಲ, ಸಿಟ್ಟಿನಿಂದಲೂ ಅಲ್ಲ. ಎರಡು ತಿಂಗಳಾದ ಮೇಲೆ ಚೀಲ ಬೇಕಾಗುತ್ತಿರಲಿಲ್ಲ. ಆ ಮಾತೊಂದೇ ಸಾಕಾಗುತ್ತಿತ್ತು.

ಈ ವಿದ್ಯೆಯನ್ನು ನಾನು ಮೊದಲು ಪ್ರಯೋಗಿಸಿದ್ದು ನನ್ನ ಮಗಳು ಗಿರಿಜಾಳ ಮೇಲೆ. ಅವಳಿಗೆ ಆಗ ನಾಲ್ಕು ವರ್ಷ. ಚೀಲ ಹೊಲಿದವಳು ಮಂಗಳಾಳೇ. ಹೊಲಿಯುತ್ತಾ, "ಬಿಡಿ ಸುಮ್ನೆ, ಮಗು ಅದು. ದೊಡ್ಡೋಳಾದ್ಮೇಲೆ ಸರಿಹೋಗ್ತದೆ" ಎಂದಿದ್ದಳು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?" ಎಂದು ನಾನು ಗಾದೆ ಹೇಳಿದ್ದೆ. ಮೇಷ್ಟ್ರಿಗೆ ಗಾದೆಗೇನು ಬರ. ಗಿಡ ಬಗ್ಗಿತು. ಗಿರಿಜಾ ಬಲಗೈಯಲ್ಲಿ ಬರೆದಳು, ಬಲಗೈಯಲ್ಲಿ ಉಂಡಳು. ಅಕ್ಷರ ಮಾತ್ರ ಕೊನೆಯವರೆಗೂ ಕಾಗೆ ಕಾಲು, ಗುಬ್ಬಿ ಕಾಲು. ಕೈಗೆ ಕೊಟ್ಟ ಲೋಟ ಜಾರಿ ಬೀಳುತ್ತಿತ್ತು. ಮನೆಯಲ್ಲಿ ಅವಳಿಗೆ ಸೋರುಗೈ ಎಂದು ಹೆಸರಾಯಿತು, ಹೆಸರಿಟ್ಟವನೂ ನಾನೇ. ಇಪ್ಪತ್ತಾರು ವರ್ಷದವಳಾಗಿ ಹಿರೇಹಳ್ಳಿಯ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸದಲ್ಲಿದ್ದಾಗಲೂ, ಎಡಕ್ಕೆ ತಿರುಗು ಎಂದರೆ ಅವಳು ಒಂದು ಕ್ಷಣ ನಿಲ್ಲುತ್ತಿದ್ದಳು. ಎಡಗೈ ಮುಷ್ಟಿ ಒಮ್ಮೆ ಬಿಗಿಯಾಗುತ್ತಿತ್ತು. ಯಾವ ಕೈ ಬಿಗಿಯಾಯಿತೋ ಅದು ಎಡ. ನಾನು ಅದನ್ನು ನೋಡಿಯೂ ನೋಡದವನಂತೆ ಇದ್ದೆ.

ನಾನು ರಿಟೈರಾದ ವರ್ಷ ಮನೆಯಲ್ಲಿ ಕೂತು ಎಲ್ಲರ ತಪ್ಪು ತಿದ್ದುತ್ತಿದ್ದೆ. ಹಾಲಿನವನ ಲೆಕ್ಕ, ಪೇಪರಿನವನ ಹೊತ್ತು, ಮಂಗಳಾಳ ಒಗ್ಗರಣೆ. ಒಂದು ಸಂಜೆ ಗಿರಿಜಾ ಬಂದು, "ಅಪ್ಪ, ಕೋರದ ಹತ್ರ ಬಿಲ್ಲುವಿದ್ಯೆ ಹೇಳ್ಕೊಡ್ತಾರಂತೆ. ದೊಡ್ಡೋರ್ಗೂ ಇದ್ಯಂತೆ. ನಾನ್ ಸೇರ್ಕೋತೀನಿ, ನೀವೂ ಬನ್ನಿ" ಎಂದಳು. ಅವಳು ತಾನಾಗಿ ಏನನ್ನಾದರೂ ಬೇಕು ಎಂದದ್ದೇ ಅಪರೂಪ. "ಲೋಟ ಹಿಡಿಯೋಕೆ ಬರಲ್ಲ, ಬಿಲ್ಲು ಹಿಡೀತಾಳಂತೆ" ಎಂದು ನಾನು ನಕ್ಕೆ. ಅವಳೂ ನಕ್ಕಳು. ಆಗ ಅವಳು ನನ್ನ ಮಾತಿಗೆ ನಗುತ್ತಿದ್ದಳು.

ಕಾರ್ತಿಕ ಮುಗಿಯುವ ಹೊತ್ತಿಗೆ ನಾವು ಭಾನುವಾರದ ಬೆಳಿಗ್ಗೆ, ವಾರದ ನಡುವೆ ಅವಳಿಗೆ ಸೆಕೆಂಡ್ ಶಿಫ್ಟ್ ಇದ್ದ ದಿನಗಳಲ್ಲೂ, ನನ್ನ ಹಳೆಯ ಸ್ಕೂಟರಿನಲ್ಲಿ ಕೋರದ ಕಡೆ ಹೊರಡತೊಡಗಿದೆವು. ಹೈವೇಯಿಂದ ಒಳಗೆ, ತೆಂಗಿನ ತೋಟದ ಪಕ್ಕ ಒಂದು ಬೀಳು ಹೊಲ. ಒಂದು ತಗಡಿನ ಶೆಡ್ಡು. ಹೇಳಿಕೊಡುತ್ತಿದ್ದವನು ಪುಟ್ಟಸ್ವಾಮಿ, ಕುಣಿಗಲ್ ಕಡೆಯವನು. ಮಿಲಿಟರಿಯಲ್ಲಿದ್ದು ಬಂದವನು, ಮಾತು ಮಾತ್ರ ಊರಿನದ್ದೇ ಉಳಿದಿತ್ತು. ಗುರಿಗಳನ್ನು ಅವನೇ ಕಟ್ಟುತ್ತಿದ್ದ. ರಾಗಿ ಹುಲ್ಲನ್ನು ತೋಳಿನ ದಪ್ಪಕ್ಕೆ ಹುರಿ ಹೊಸೆದು, ಸಿಂಬೆಯಂತೆ ಸುತ್ತಿ, ತೆಂಗಿನ ನಾರಿನ ಹಗ್ಗದಿಂದ ಬಿಗಿದು, ಮೇಲೆ ಬಣ್ಣದ ವೃತ್ತಗಳ ಕಾಗದ ಅಂಟಿಸಿದರೆ ಗುರಿ ಸಿದ್ಧ. "ಅಂಗಡಿಯಿಂದ ತರೋ ಗುರಿ ಯಾಕ್ ಸಾ? ಬಾಣಕ್ಕೆ ರಾಗಿ ಹುಲ್ಲೇ ಮೆತ್ತಗೆ" ಎನ್ನುತ್ತಿದ್ದ. ಗುರಿಯಿಂದ ಬಾಣ ಕೀಳುವಾಗ ಒಂದು ಅಂಗೈಯನ್ನು ಹುಲ್ಲಿಗೆ ಒತ್ತಿ ಹಿಡಿದು ಇನ್ನೊಂದರಲ್ಲಿ ನೇರಕ್ಕೆ ಎಳೆಯಬೇಕು. ಆಗ ಅಂಗೈಗೆ ಹತ್ತಿದ ವಾಸನೆ ಮಧ್ಯಾಹ್ನದ ಊಟದವರೆಗೂ ಹೋಗುತ್ತಿರಲಿಲ್ಲ.

ಮೊದಲ ದಿನ ಅವನು ಬಿಲ್ಲನ್ನೇ ಮುಟ್ಟಿಸಲಿಲ್ಲ. "ಎರಡೂ ಕೈ ಮುಂದಕ್ ಚಾಚಿ. ಅಂಗೈ ಜೋಡ್ಸಿ ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ ಬಿಟ್ಕಂಡೇ ಆ ಕಿಂಡೀಲಿ ಅಗೋ ಆ ತೆಂಗಿನ ಮರದ ಸುಳಿ ನೋಡಿ. ನೋಡ್ತಾ ನೋಡ್ತಾ ಕೈನ ಮುಖದ ಹತ್ರ ತನ್ನಿ" ಎಂದ. ಕಿಂಡಿ ಯಾವ ಕಣ್ಣಿಗೆ ಬಂದು ಸೇರುತ್ತದೋ ಅದು ಯಜಮಾನ ಕಣ್ಣು. ಗುರಿ ಇಡುವುದು ಅದೇ. ಬಲಗಣ್ಣು ಯಜಮಾನನಾದರೆ ಬಿಲ್ಲು ಎಡಗೈಯಲ್ಲಿ, ಹೆದೆ ಎಳೆಯುವುದು ಬಲಗೈ. ಎಡಗಣ್ಣಾದರೆ ಬಿಲ್ಲು ಬಲಗೈಯಲ್ಲಿ, ಎಳೆಯುವುದು ಎಡಗೈ. ನನ್ನ ಕಿಂಡಿ ಬಲಗಣ್ಣಿಗೆ ಬಂತು. ಗಿರಿಜಾಳದ್ದು ನೆಟ್ಟಗೆ ಹೋಗಿ ಎಡಗಣ್ಣಿನ ಮುಂದೆ ನಿಂತಿತು. ಇನ್ನೊಮ್ಮೆ ಮಾಡಿಸಿದ. ಮತ್ತೂ ಎಡಗಣ್ಣೇ.

"ಮಗ್ಳು ಎಡಗೈಯವ್ರಾ ಸಾ?" ಎಂದ ಪುಟ್ಟಸ್ವಾಮಿ.

ಗಿರಿಜಾ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಇಲ್ಲ ಇಲ್ಲ, ಬಲಗೈನೇ. ಬರೆಯೋದು, ಉಣ್ಣೋದು ಎಲ್ಲ ಬಲಗೈಲೇ."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದೇ ಅದರ ಕಿಡಿಗೇಡಿತನ. ಗಿರಿಜಾ ನನ್ನ ಮುಖ ನೋಡಿದಳು, ನಂತರ ನೆಲ ನೋಡಿದಳು. ಪುಟ್ಟಸ್ವಾಮಿ ಶೆಡ್ಡಿನ ಗೋಡೆಯ ಕಡೆ ಕತ್ತು ತಿರುಗಿಸಿದ. ಅಲ್ಲಿ ಮೊಳೆಯೊಂದಕ್ಕೆ ಒಂದು ಬಿಲ್ಲು ತೂಗುತ್ತಿತ್ತು. ಬೇರೆಲ್ಲ ಬಿಲ್ಲುಗಳೂ ಬಲಗೈಯವರವು. ಅದೊಂದು ಎಡಗೈಯವರದ್ದು, ಯಾವುದೋ ಮುಚ್ಚಿಹೋದ ಕ್ಲಬ್ಬಿನ ಸಾಮಾನಿನ ಜೊತೆ ಬಂದದ್ದು. ಮುಟ್ಟುವವರಿಲ್ಲದೆ ಜೇಡ ಅದರಲ್ಲಿ ಮನೆ ಮಾಡಿತ್ತು. "ಸರಿ ಬುಡಿ, ಮೇಷ್ಟ್ರು ನೀವು ಹೇಳ್ತಿದೀರಲ್ಲ" ಎಂದು ಅವಳಿಗೂ ಬಲಗೈ ಬಿಲ್ಲನ್ನೇ ಕೊಟ್ಟ.

ಆ ಮಾರ್ಗಶಿರದ ಬೆಳಗುಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ, ಅದನ್ನು ಹೇಳದೆ ಇರುವುದು ಮೋಸ. ಸುತ್ತ ರಾಗಿ ಕೊಯ್ಲು ಮುಗಿದು ಕೂಳೆ ಉಳಿದಿತ್ತು. ಮಂಜು ಮೊಣಕಾಲಿನವರೆಗೆ ನಿಂತಿರುತ್ತಿತ್ತು. ಬರುವವರು ಹತ್ತು ಹನ್ನೆರಡು ಜನ: ಒಬ್ಬರು ಹಲ್ಲಿನ ಡಾಕ್ಟರಮ್ಮ, ಒಬ್ಬ ಎಲ್‌ಐಸಿ ಏಜೆಂಟ್, ಕಾಲೇಜಿನ ಕೆಲವರು. ಪುಟ್ಟಸ್ವಾಮಿ ಎರಡು ಸಲ ಸೀಟಿ ಊದಿದರೆ ಗೆರೆಯ ಮೇಲೆ ನಿಲ್ಲಬೇಕು, ಒಂದು ಸಲಕ್ಕೆ ಹೊಡೆಯಬೇಕು, ಮೂರು ಸಲಕ್ಕೆ ಹೋಗಿ ಬಾಣ ತರಬೇಕು. ಜೀವಮಾನವಿಡೀ ಬೆಲ್ಲು ಹೊಡೆಸಿದವನು ಸೀಟಿಗೆ ಕುಣಿಯುವುದರಲ್ಲಿ ಒಂದು ಸುಖವಿತ್ತು. ಹದಿನೈದು ಮೀಟರಿನಲ್ಲಿ ನನ್ನ ಬಾಣಗಳು ಮೂರನೆಯ ವಾರಕ್ಕೇ ಕೆಂಪಿಗೆ ಬೀಳತೊಡಗಿದವು, ನಡುವಿನ ಹಳದಿಗೂ ಒಂದೊಂದು. ಹೆದೆಯನ್ನು ಗದ್ದದ ಕೆಳಗೆ ತಂದು, ಉಸಿರು ಅರ್ಧ ಬಿಟ್ಟು, ಬೆರಳು ಸಡಿಲಿಸುವ ಆ ಕ್ಷಣದಲ್ಲಿ ನನಗೆ ಯಾರ ತಪ್ಪೂ ಕಾಣುತ್ತಿರಲಿಲ್ಲ.

ಗಿರಿಜಾಳ ಬಾಣಗಳು ಗುರಿಯ ಎಡಕ್ಕೆ ಹೋಗುತ್ತಿದ್ದವು. ಒಂದಲ್ಲ ಎರಡಲ್ಲ, ಎಲ್ಲವೂ. ಹುಲ್ಲಿನ ಅಂಚಿಗೆ, ಕೆಲವು ಹುಲ್ಲನ್ನೂ ತಪ್ಪಿಸಿ ಹಿಂದಿನ ಮಣ್ಣಿನ ದಿಬ್ಬಕ್ಕೆ. ಜೊತೆಗೆ ಬಿಲ್ಲನ್ನು ಅವಳು ಎಡಗೈಯಲ್ಲಿ ಕತ್ತು ಹಿಸುಕಿದಂತೆ ಹಿಡಿಯುತ್ತಿದ್ದಳು. "ಹಿಡ್ಕೋಬೇಡ್ರಮ್ಮ ಅದನ್ನ. ಬಿಲ್ಲು ಸುಮ್ಕೆ ಕೈ ಮೇಲ್ ಕೂತಿರ್ಲಿ. ಮುಷ್ಟಿ ಬಿಡಿ, ಮುಷ್ಟಿ ಬಿಡಿ" ಎಂದು ಪುಟ್ಟಸ್ವಾಮಿ ಪ್ರತಿ ದಿನ ಹೇಳುತ್ತಿದ್ದ. ಅವಳು ಪ್ರಯತ್ನಪಟ್ಟು ಒಂದು ಬೆರಳು ಬಿಡಿಸುವಳು, ಬಿಲ್ಲು ಎತ್ತಿದ ಕೂಡಲೇ ಐದೂ ಬೆರಳು ಮತ್ತೆ ಮುಚ್ಚಿಕೊಳ್ಳುವವು. ಹೆದೆ ಬಡಿದು ಮುಂಗೈ ನೀಲಿಗಟ್ಟಿತ್ತು. ಆ ಮುಷ್ಟಿಯೊಳಗೆ ಏನಿತ್ತು ಎಂದು ಆ ಮೈದಾನದಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಕೊಬ್ಬರಿ ಮಿಠಾಯಿ.

ನಾನು ಸುಮ್ಮನಿದ್ದೆ. ಸುಮ್ಮನೂ ಇರಲಿಲ್ಲ. "ಅಲ್ಲ ಕಣೇ, ಅಷ್ಟು ದೊಡ್ಡ ಹುಲ್ಲಿನ ಮೆದೆ ಕಾಣಲ್ವಾ ನಿಂಗೆ? ನೋಡು, ನಾನು ಅರವತ್ತರ ಮುದುಕ" ಎಂದು ಸ್ಕೂಟರಿನಲ್ಲಿ ವಾಪಸು ಬರುವಾಗ ಛೇಡಿಸುತ್ತಿದ್ದೆ. ಮಗಳಿಗಿಂತ ಚೆನ್ನಾಗಿ ಹೊಡೆಯುತ್ತೇನೆಂಬ ಖುಷಿ ನನಗೆ ಇತ್ತು. ಇತ್ತು ಎಂದು ಒಪ್ಪಿಕೊಳ್ಳಲು ಏಳು ವರ್ಷ ಬೇಕಾಯಿತು.

ಮಾರ್ಗಶಿರದ ನಡುವೆಯೇ ಮೂರು ದಿನ ಅಕಾಲದ ಮಳೆ ಹಿಡಿಯಿತು. ಮಳೆ ಬಿಟ್ಟು ಹೋಗಿ ನೋಡಿದರೆ ಗುರಿಗಳ ತುಂಬ ಹಸಿರು ಮೊಳಕೆ. ಹುಲ್ಲಿನಲ್ಲಿ ಉಳಿದಿದ್ದ ರಾಗಿ ಕಾಳು ಬಾಣದ ತೂತುಗಳಲ್ಲಿ ಚಿಗುರಿತ್ತು. "ಬಾಣ ಬಿತ್ತಿ ರಾಗಿ ಬೆಳೆದವ್ರು ನಾವೇ ಮೊದ್ಲು" ಎಂದು ಏಜೆಂಟ್ ಹೇಳಿ ಎಲ್ಲರೂ ನಕ್ಕೆವು. ಗಿರಿಜಾಳ ಗುರಿಯಲ್ಲಿ ಮಾತ್ರ ನಡುವೆಲ್ಲ ಬೋಳು, ಎಡ ಅಂಚಿನಲ್ಲಿ ಒತ್ತೊತ್ತಾಗಿ ಒಂದು ಅಂಗೈ ಅಗಲದ ಹಸಿರು. ಪುಟ್ಟಸ್ವಾಮಿ ನಗಲಿಲ್ಲ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ನನ್ನನ್ನು ಪಕ್ಕಕ್ಕೆ ಕರೆದ.

"ಸಾ, ಬರದೇ ಇರೋರ್ ಬಾಣ ಚೆಲ್ಲಾಪಿಲ್ಲಿ ಬೀಳ್ಬೇಕು. ಈಯಮ್ಮನ್ ಬಾಣ ನೋಡಿ, ಎಲ್ಲಾ ಒಂದೇ ಜಾಗಕ್ಕೆ ಹೋಗ್ತವೆ. ಕೈ ಕೆಟ್ಟಿಲ್ಲ ಸಾ. ಕಣ್ಣು ಒಂದ್ಕಡೆ, ಕೈ ಒಂದ್ಕಡೆ ಆಗೈತೆ. ನಿಜ ಹೇಳಿ, ಚಿಕ್ಕೋರಿದ್ದಾಗ ಎಡಗೈಯವ್ರೇ ಅಲ್ವಾ?"

"ಈಗ ಬದಲಾಯಿಸಿದ್ರೆ ಕಲ್ತಿದ್ದೂ ಹಾಳಾಗುತ್ತೆ ಪುಟ್ಟಸ್ವಾಮಿ. ಎಡಗಣ್ಣು ಮುಚ್ಚಿಸಿ ನೋಡು" ಎಂದೆ. ಕಣ್ಣಿಗೂ ಒಂದು ಚೀಲ. ನನಗೆ ಬೇರೇನು ತಿಳಿದಿತ್ತು?

ಅವನು ಕನ್ನಡಕದ ಫ್ರೇಮಿಗೆ ಒಂದು ಕಡೆ ರಟ್ಟು ಅಂಟಿಸಿ ಅವಳಿಗೆ ಕೊಟ್ಟ. ಬಾಣಗಳು ಸ್ವಲ್ಪ ಒಳಗೆ ಬಂದವು. ಅವಳಿಗೆ ತಲೆನೋವು ಶುರುವಾಯಿತು. ಕಾರ್ಖಾನೆಯಿಂದ ಬಂದು ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದಳು. ಆದರೂ ಬಿಡಲಿಲ್ಲ. ಭಾನುವಾರ ನನಗಿಂತ ಮೊದಲೇ ಎದ್ದು ಸ್ಕೂಟರ್ ಒರೆಸಿ ನಿಂತಿರುತ್ತಿದ್ದಳು. "ಅದ್ಯಾಕೆ ಅಷ್ಟು ಒದ್ದಾಡ್ತೀಯೇ?" ಎಂದು ಮಂಗಳಾ ಕೇಳಿದಾಗ ಅವಳು ಹೇಳಿದ್ದು ಅಡುಗೆಮನೆಯಿಂದ ನನಗೆ ಕೇಳಿಸಿತು. "ಎಳ್ಯೋವಾಗ ಚೆನ್ನಾಗಿರ್ತದಮ್ಮ. ಬೇರೆ ಯಾವ್ ಕೆಲ್ಸ ಮಾಡುವಾಗ್ಲೂ ನಂಗೆ ಹಂಗ್ ಅನ್ಸಿಲ್ಲ."

ಆಮೇಲೆ ಎರಡು ವಾರ ನನಗೆ ಜ್ವರ, ಕೆಮ್ಮು. ಅವಳು ಬಸ್ಸಿನಲ್ಲಿ ಒಬ್ಬಳೇ ಹೋಗಿಬರುತ್ತಿದ್ದಳು. ಅವಳ ತಲೆನೋವು ನಿಂತಿತ್ತು. ಊಟ ಮಾಡುವಾಗ ಏನೋ ಗುನುಗುತ್ತಿದ್ದಳು. ಮೂರನೆಯ ವಾರ ನಾನು ಹೇಳದೆ ಕೇಳದೆ ಅವಳ ಹಿಂದೆಯೇ ಹೊರಟೆ. ತೋಟದ ಬೇಲಿಯ ಹತ್ತಿರ ಸ್ಕೂಟರ್ ನಿಲ್ಲಿಸಿದಾಗ ಅವಳು ಗೆರೆಯ ಮೇಲೆ ನಿಂತಿದ್ದಳು. ಕಣ್ಣಿಗೆ ರಟ್ಟಿಲ್ಲ. ಬಿಲ್ಲು ಬಲಗೈಯಲ್ಲಿ. ಹೆದೆ ಎಳೆಯುತ್ತಿದ್ದದ್ದು ಎಡಗೈ. ಶೆಡ್ಡಿನ ಗೋಡೆಯ ಮೇಲೆ ಮೊಳೆ ಬರಿದಾಗಿತ್ತು.

ಅವಳು ಎಳೆದಳು, ನಿಂತಳು, ಬಿಟ್ಟಳು. ಎಡಗೈಯ ಬೆರಳುಗಳು ಅಷ್ಟು ಮೆತ್ತಗೆ ಬಿಚ್ಚಿಕೊಂಡದ್ದನ್ನು ನಾನು ಅವಳ ಜನ್ಮದಲ್ಲಿ ನೋಡಿರಲಿಲ್ಲ. ಬಾಣ ಹಳದಿಗೆ ಹೋಯಿತು. ಎರಡನೆಯದು ಅದರ ಪಕ್ಕಕ್ಕೆ. ನನ್ನ ಮಗಳು ಸೋರುಗೈಯಲ್ಲ, ಪೆದ್ದಿಯಲ್ಲ, ಏನೂ ಅಲ್ಲ. ಹೋಗಿ ಶಭಾಷ್ ಎನ್ನಬೇಕಿತ್ತು. ಎಷ್ಟೋ ಮಂದಿ ಮಕ್ಕಳ ಸ್ಲೇಟಿನ ಮೇಲೆ ಬರೆದ ಶಬ್ದ ಅದು. ನಾನು ಸ್ಕೂಟರ್ ತಿರುಗಿಸಿಕೊಂಡು ಮನೆಗೆ ಬಂದೆ. ಸಂತೋಷದ ಹಿಂದೆಯೇ ಇನ್ನೊಂದು ಬಂದಿತ್ತು. ಇವಳು ಇಷ್ಟು ಸಲೀಸಾಗಿ ಎಡಗೈಯಲ್ಲಿ ಹೊಡೆಯುವುದಾದರೆ, ನಾನು ಬಿಡಿಸಿದ್ದು ಏನನ್ನು? ಆ ಚೀಲದಲ್ಲಿ ಕೈ ಇಟ್ಟ ಅಷ್ಟೂ ಮಕ್ಕಳು? ನೋಡಿದೆ ಎಂದು ಅವಳಿಗೆ ಹೇಳಲಿಲ್ಲ.

ಸಂಕ್ರಾಂತಿ ಕಳೆದ ಭಾನುವಾರ ಪುಟ್ಟಸ್ವಾಮಿ ಒಂದು ಸಣ್ಣ ಪಂದ್ಯ ಇಟ್ಟ. ಗೆದ್ದವರಿಗೆ ಒಂದು ಗೊನೆ ಬಾಳೆಹಣ್ಣು, ಎಲ್ಲರಿಗೂ ಎಳ್ಳು ಬೆಲ್ಲ. ಮನೆಯವರನ್ನೂ ಕರೆಯಿರಿ ಎಂದಿದ್ದ. ಗುಬ್ಬಿಯಿಂದ ಬಸವರಾಜು ಬಂದಿದ್ದ, ಕಾಲೇಜು ಹುಡುಗಿಯೊಬ್ಬಳ ಸೋದರಮಾವ, ಅಡಿಕೆ ವ್ಯಾಪಾರದವನು. ಅವನ ಮಗ ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ನೋಡಿದ್ದೇ ಕೈ ಮುಗಿದು ಪಕ್ಕದ ಕುರ್ಚಿಗೆ ಬಂದು ಕೂತ. "ಇವ್ರು ಯಾರ್ ಗೊತ್ತಾ? ನಮ್ ಹುಡ್ಗನ್ ಎಡಗೈ ಬಿಡ್ಸಿದ್ ಮೇಷ್ಟ್ರು! ಒಂದ್ ಏಟ್ ಹೊಡ್ದಿಲ್ಲ, ಒಂದ್ ಮಾತಲ್ಲೇ ಬಿಡ್ಸವ್ರೆ" ಎಂದು ಸುತ್ತ ಇದ್ದವರಿಗೆಲ್ಲ ಸಾರಿದ. ಡಾಕ್ಟರಮ್ಮ ನನ್ನ ಕಡೆ ತಿರುಗಿ ನೋಡಿದರು. ನನ್ನ ಬೆನ್ನು ನೆಟ್ಟಗಾಯಿತು.

ಗಿರಿಜಾಳ ಸರದಿ ಬಂತು. ಅವಳು ಶೆಡ್ಡಿನೊಳಗಿಂದ ಆ ಬಿಲ್ಲನ್ನು ಹಿಡಿದುಕೊಂಡು ಬಂದಳು. ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ಅಪ್ಪನಿಗೆ ತೋರಿಸಲೆಂದೇ ಇಷ್ಟು ದಿನ ಗುಟ್ಟಾಗಿಟ್ಟಿದ್ದಳೆಂದು ಆ ನಗು ಹೇಳುತ್ತಿತ್ತು. ಐದು ಬಾಣ ಹೊಡೆದಳು. ಮೂರು ಹಳದಿ, ಎರಡು ಕೆಂಪು. ಚಪ್ಪಾಳೆ ಬಿತ್ತು. ಆರನೆಯದು ಎಲ್ಲಿ ಬಿದ್ದರೂ ಗೊನೆ ಅವಳದ್ದೇ. ಅವಳು ಆರನೆಯದನ್ನು ಹೂಡಿ ಎಳೆದಳು.

"ಏನ್ ಮೇಷ್ಟ್ರೇ ಇದು!" ಎಂದ ಬಸವರಾಜು ದೊಡ್ಡದಾಗಿ ನಗುತ್ತಾ. "ಊರೋರ್ ಮಕ್ಕಳದೆಲ್ಲಾ ಬಿಡ್ಸಿ ಮನೇದೇ ಉಳ್ಸ್‌ಕಂಡಿದೀರಲ್ಲಾ! ನಿಮ್ಮ ಮಗ್ಳೇ ಎಡಚಿ!"

ಯಾರೋ ನಕ್ಕರು. ನನ್ನ ಕಿವಿ ಬಿಸಿಯಾಯಿತು. ನಾನು ಹೇಳಿದೆ:

"ಕೈ."

ಬಾಯಿ ತಪ್ಪಿ ಬಂದದ್ದು ಎಂದು ಆಮೇಲೆ ಮಂಗಳಾಳ ಮುಂದೆ ಹೇಳಿಕೊಂಡೆ. ಅದು ಸುಳ್ಳು. ಬೇಕೆಂದೇ ಹೇಳಿದೆ, ತರಗತಿಯಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ, ಜೋರಾಗಿಯೂ ಅಲ್ಲದೆ, ಸಿಟ್ಟಿನಿಂದಲೂ ಅಲ್ಲದೆ. ಬೆಂಕಿ ಮುಟ್ಟಿದವಳಂತೆ ಗಿರಿಜಾಳ ಎಡಗೈ ಹೆದೆಯನ್ನು ಬಿಟ್ಟು ಹಿಂದಕ್ಕೆ ಹಾರಿತು. ಬಾಣ ಗುರಿಯ ಮೇಲಿಂದ, ದಿಬ್ಬದ ಮೇಲಿಂದ ತೆಂಗಿನ ತೋಟದೊಳಗೆ ಹೋಯಿತು. ಯಾರೋ ಕಿರುಚಿದರು. ಪುಟ್ಟಸ್ವಾಮಿ ಸೀಟಿ ಊದುತ್ತಾ ತೋಟದ ಕಡೆ ಓಡಿದ. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಗೆರೆಯ ಮೇಲೆ ಇಪ್ಪತ್ತಾರು ವರ್ಷದ ನನ್ನ ಮಗಳು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು. ನಾನು ಅವಳ ಹಿಂದೆಯೇ ಕೂತಿದ್ದರಿಂದ ಆ ಕೈ ನನಗೆ ಚೆನ್ನಾಗಿ ಕಾಣುತ್ತಿತ್ತು. ಮುಷ್ಟಿ ಬಿಗಿಯಾಗಿತ್ತು.

ಬಾಳೆಗೊನೆಯನ್ನು ಅವಳಿಗೇ ಕೊಟ್ಟರು. ಅವಳು ಅದನ್ನು ಅಲ್ಲೇ ಎಲ್ಲರಿಗೂ ಹಂಚಿಸಿದಳು. ಬಿಲ್ಲನ್ನು ತಾನೇ ಒರೆಸಿ, ಹೆದೆ ಇಳಿಸಿ, ಮೊಳೆಗೆ ತೂಗಿಹಾಕಿದಳು. ಸ್ಕೂಟರಿನಲ್ಲಿ ಸಾಮಾನ್ಯವಾಗಿ ಹಂಪ್ ಬಂದಾಗ ನನ್ನ ಭುಜ ಹಿಡಿಯುತ್ತಿದ್ದಳು. ಅಂದು ಹಿಡಿಯಲಿಲ್ಲ.

ನಾಲ್ಕು ದಿನ ಕಾದೆ. ತಪ್ಪಾಯಿತು ಎಂದು ನೂರು ಸಲ ಬರೆಯಿರಿ ಎಂದು ಎಷ್ಟೋ ಮಕ್ಕಳಿಗೆ ಶಿಕ್ಷೆ ಕೊಟ್ಟಿದ್ದೇನೆ. ಅದನ್ನು ಒಂದು ಸಲ ಬಾಯಲ್ಲಿ ಹೇಳಲು ನನಗೆ ಬರಲಿಲ್ಲ. ಸುತ್ತಿ ಬಳಸಿ ಹೇಳಿದೆ: "ಈ ಭಾನುವಾರ ಹೋಗೋಣ ಕಣಮ್ಮ. ನೀನು ಎಡಗೈಲೇ ಹೊಡಿ. ನಾನೇನೂ ಅನ್ನಲ್ಲ."

ಅವಳು ಊಟದ ಡಬ್ಬಿ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ. "ನೀವು ಅನ್ನಲ್ಲ ಅಪ್ಪ. ನಂಗೆ ಕೇಳ್ಸುತ್ತೆ" ಎಂದಳು.

ನಾನೊಬ್ಬನೇ ಎರಡು ಭಾನುವಾರ ಹೋದೆ, ಆ ಸೊಕ್ಕೂ ಒಂದು ಇತ್ತು. ಎರಡನೆಯ ಸಲ ಬಾಣ ಕೀಳುವಾಗ ಪುಟ್ಟಸ್ವಾಮಿ ಪಕ್ಕಕ್ಕೆ ಬಂದು ನಿಂತ. "ಆ ಬಿಲ್ಲು ಬಂದಾಗ್ಲಿಂದ ಮೊಳೆ ಮೇಲೇ ಇತ್ತು ಸಾ. ಮೂರ್ ನಾಕ್ ವಾರ ಇಳ್ದಿತ್ತು, ಅಷ್ಟೇಯ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮತ್ತೆ ನಾನು ಕೋರದ ದಾರಿ ಹಿಡಿಯಲಿಲ್ಲ. ಮುಂದಿನ ವರ್ಷ ಕುಣಿಗಲ್‌ನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಶಿವಕುಮಾರನಿಗೆ ಅವಳನ್ನು ಕೊಟ್ಟೆವು. ಒಳ್ಳೆಯ ಹುಡುಗ. ಅವಳ ಮನೆಯಲ್ಲಿ ಲೋಟಗಳು ಬೀಳುವುದಿಲ್ಲ ಎಂದು ಮಂಗಳಾ ಹೋಗಿಬಂದಾಗಲೆಲ್ಲ ಹೇಳುತ್ತಿದ್ದಳು.

ಟ್ರ್ಯಾಕ್ಟರ್ ಒಂದು ಅಡ್ಡರಸ್ತೆಗೆ ತಿರುಗಿತು, ನಮ್ಮ ಬಸ್ಸು ಕುಣಿಗಲ್ ತಲುಪಿತು. ಮನೆಯಲ್ಲಿ ಹತ್ತು ಹದಿನೈದು ಜನ ಸೇರಿದ್ದರು. ಎಲ್ಲರ ಹಣೆಯ ಮೇಲೆ ವಿಭೂತಿ, ನಡುಮನೆಯಲ್ಲಿ ಚಾಪೆ, ಹಿತ್ತಾಳೆ ತಟ್ಟೆ. ನಾನು ತಂದ ಅಕ್ಕಿಯನ್ನು ಗಿರಿಜಾಳೇ ತಟ್ಟೆಗೆ ಸುರಿದು ಹರಡಿದಳು. ನಾನು ಶರ್ಟಿನ ತೋಳು ಮಡಿಸಿಕೊಂಡು ಚಾಪೆಯ ಕಡೆ ನಡೆದೆ. ಮೊಮ್ಮಗಳ ಕೈ ಹಿಡಿದು ಬರೆಸುವುದು ತಾತನಲ್ಲದೆ ಮತ್ಯಾರು?

"ಅಪ್ಪ, ನೀವು ಅಲ್ಲಿ ಸೋಫಾ ಮೇಲ್ ಕೂತ್ಕಳಿ" ಎಂದಳು ಗಿರಿಜಾ.

ಶಿವಕುಮಾರನಿಗೆ ಮುಜುಗರವಾಯಿತು. "ಮಾವ ಮೇಷ್ಟ್ರಲ್ವಾ, ಅವ್ರೇ ಕೈ ಹಿಡಿಸ್ಲಿ ಬಿಡೇ."

"ಯಾರೂ ಹಿಡಿಸೋದ್ ಬೇಡ. ಅವ್ಳೇ ಬರೀತಾಳೆ."

ಮಡಿಸಿದ ತೋಳನ್ನು ಬಿಚ್ಚಿಕೊಂಡು ನಾನು ಸೋಫಾದ ಮೇಲೆ ಕೂತೆ. ಸಿರಿ ತಟ್ಟೆಯ ಮುಂದೆ ಕೂತು ಅಕ್ಕಿ ನೋಡಿದಳು, ಅಮ್ಮನನ್ನು ನೋಡಿದಳು, ಆಮೇಲೆ ಎಡಗೈಯ ತೋರುಬೆರಳನ್ನು ಅಕ್ಕಿಯಲ್ಲಿ ಊರಿದಳು. ನನ್ನ ಗಂಟಲಿನಲ್ಲಿ ಆ ಹಾಳು ಮಾತು ಎದ್ದು ಬಂತು. ನಾನು ತುಟಿ ಕಚ್ಚಿ ಹಿಡಿದೆ. ತಲೆ ಎತ್ತಿದಾಗ ಗಿರಿಜಾ ಮಗುವನ್ನು ನೋಡುತ್ತಿರಲಿಲ್ಲ. ನನ್ನ ಬಾಯನ್ನು ನೋಡುತ್ತಿದ್ದಳು. ಮಗು ಉದ್ದಕ್ಕೆ ಒಂದು ಗೆರೆ ಎಳೆದು, "ಹಾವು!" ಎಂದಿತು. ಎಲ್ಲರೂ ನಕ್ಕರು. ಓಂ ಬರೆಯದಿದ್ದರೆ ಏನಂತೆ, ಬರೆದಾಯಿತಲ್ಲ ಎಂದು ಯಾರೋ ಹಿರಿಯರು ಅಕ್ಷತೆ ಹಾಕಿದರು.

ಆಮೇಲೆ ಗಿರಿಜಾ ಸಿಹಿ ಹಂಚಿದಳು, ತಾನೇ ಮಾಡಿದ ಕೊಬ್ಬರಿ ಮಿಠಾಯಿ. ತಟ್ಟೆ ಬಲಗೈಯಲ್ಲಿ, ಕೊಡುತ್ತಿದ್ದದ್ದು ಎಡಗೈ. ಅತ್ತೆಗೆ ಹಾಗೇ ಕೊಟ್ಟಳು, ಮಾವನಿಗೆ, ಪಕ್ಕದ ಮನೆಯವರಿಗೆ, ಅವಳಮ್ಮನಿಗೂ ಹಾಗೇ ಕೊಟ್ಟಳು. ಯಾರೂ ಏನೂ ಅನ್ನಲಿಲ್ಲ. ಆ ಮನೆಯಲ್ಲಿ ಅದು ರೂಢಿಯಾಗಿಹೋಗಿತ್ತು. ನಾನೂ ಕೈ ಚಾಚಿಕೊಂಡು ಕಾದೆ. ಎಡಗೈಯಲ್ಲಿ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದೆ, ದೇವರಾಣೆ. ಅವಳು ನನ್ನ ಮುಂದೆ ಬಂದು ನಿಂತಳು. ತಟ್ಟೆಯನ್ನು ಪಕ್ಕದ ಟೀಪಾಯಿಯ ಮೇಲಿಟ್ಟಳು. ಎಡಗೈಯನ್ನು ಬೆನ್ನ ಹಿಂದೆ ಸರಿಸಿದಳು. ಬಲಗೈಯಿಂದ ಒಂದು ಮಿಠಾಯಿ ಎತ್ತಿ, "ತಗಳ್ಳಿ ಅಪ್ಪ" ಎಂದು ನನ್ನ ಅಂಗೈ ಮೇಲಿಟ್ಟಳು.